ಮಂಡಳಿಯ ಕೈಯಡುಗೆ

ಐದು ವರ್ಷ ದೇಶ ನಡೆಸುವ ಯೋಜನೆ ಬರೆದವರು ಮೊದಲು ಒಂದು ದಿನ ಮನೆ ನಡೆಸಿ ತೋರಿಸಬೇಕು ಎಂಬುದು ಆಗಿನ ಪದ್ಧತಿ. ಈ ಸಲ ಚೀಟಿ ಎತ್ತಿದಾಗ ಗುಳೇದಗುಡ್ಡದ ನೀಲವ್ವನ ಮನೆ ಬಂದಿತ್ತು. ದಿಲ್ಲಿಯ ಯೋಜನಾ ಮಂಡಳಿಯ ವಿದ್ಯಾಶಂಕರರು ಬೆಳಗ್ಗೆಯೇ ಬಂದು ಒಲೆಯ ಮುಂದೆ ಕೂತಿದ್ದರು. ಮನೆಮಂದಿಯೆಲ್ಲ ಹೊಟ್ಟೆ ತುಂಬ ಉಂಡರಷ್ಟೇ ನೀಲವ್ವ ಸಹಿ ಹಾಕಬೇಕು. ಇಲ್ಲದಿದ್ದರೆ ಯೋಜನೆ ವಾಪಸು.

ಅದು ವಾಪಸು ಹೋಗುವುದು ನೀಲವ್ವನಿಗೆ ಬೇಡವಾಗಿತ್ತು. ನೇಕಾರರ ಓಣಿಗೊಂದು, ದುಡಿಯುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಕಟ್ಟುವ ಮಾತು ಅದರಲ್ಲಿತ್ತು. ಅವಳ ಕೂಸು ಈಗ ಮಗ್ಗದ ಕೆಳಗೇ ಆಡಿಕೊಂಡು ಬೆಳೆಯುತ್ತಿತ್ತು.

ಇನ್ನೇನು ಊಟಕ್ಕೆ ಬಡಿಸಬೇಕು, ಬಾಗಿಲಲ್ಲಿ ನಾದಿನಿ, ಅವಳ ಗಂಡ, ಮಕ್ಕಳು.

"ಇವರು ನಮ್ಮ ಅಂದಾಜಿನಲ್ಲಿ ಇರಲಿಲ್ಲವಲ್ಲಮ್ಮ," ಎಂದರು ವಿದ್ಯಾಶಂಕರರು.

"ಮನಿ ಮಗಳು ತವರಿಗೆ ಹೇಳಿ ಬರ್ತಾಳೇನ್ರಿ ಸಾಹೇಬ್ರ?" ಎಂದಳು ನೀಲವ್ವ. ಪದ್ಧತಿಯ ಪ್ರಕಾರ ಮನೆಯವರು ಸಹಾಯ ಮಾಡುವಂತಿರಲಿಲ್ಲ. ತಾವಾಗಿಯೇ ಒಲೆಯತ್ತ ಹೋಗುವ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದಳು.

ಅವರು ಕ್ಷಣ ಯೋಚಿಸಿ ಸಾರಿಗೆ ಒಂದು ತಂಬಿಗೆ ನೀರು ಸುರಿದು, ಉಪ್ಪು ಖಾರ ಹಾಕಿ ಕುದಿಸಿದರು. ಗೂಡಿನಿಂದ ಒಣಗಿಸಿಟ್ಟ ಕಟಕ ರೊಟ್ಟಿಯ ಬುಟ್ಟಿ ಇಳಿಸಿದರು. ಎಲ್ಲರೂ ಉಂಡು ತೇಗಿದರು.

ನೀಲವ್ವ ನಕ್ಕಳು. "ದೇಶ ನಡಸಾಕ ಅಡ್ಡಿಯಿಲ್ಲ ಬಿಡ್ರಿ. ಭಾಂಡಿ ಯಾವಾಗ ತಿಕ್ತೀರಿ?"

"ಅದು ಮುಂದಿನ ಯೋಜನೆಯಲ್ಲಿದೆಯಮ್ಮ."

"ಹಂಗಾದ್ರ ನನ್ನ ಸಹೀನೂ ಮುಂದಿನ ಯೋಜನ್ಯಾಗ."

ವಿದ್ಯಾಶಂಕರರು ಅಂಗಿಯ ತೋಳು ಮಡಚುತ್ತ, ಪಾತ್ರೆ ತಿಕ್ಕುವ ಬೂದಿ ಎಲ್ಲಿದೆ ಎಂದು ಕೇಳಿದರು.