ಹದಿನೆಂಟು ಗಂಟು

ಮದುವೆ ನಿಶ್ಚಯವಾಗಿದ್ದ ನನ್ನ ಮಗಳ ಕುತ್ತಿಗೆಯಲ್ಲಿ ಗಂಟಿದೆ ಎಂದು ಗೊತ್ತಾದಾಗ ಗಂಡಿನ ಅಪ್ಪ ಸ್ಕ್ಯಾನಿಂಗ್ ಫಿಲ್ಮು ತರಿಸಿಕೊಂಡರು. ಕಿಟಕಿಗೆ ಹಿಡಿದು, ಬೆರಳಿಟ್ಟು ಎಣಿಸಿ, ಹದಿನೆಂಟು ಗಂಟು, ಕ್ಯಾನ್ಸರ್ ಹಬ್ಬಿದೆ ಎಂದು ಮದುವೆ ಮುರಿದರು. ಡಾಕ್ಟರು ಎಲ್ಲ ಬಿಡಿಸಿ ಹೇಳಿದ ದಿನವೇ ನಾನು ಅದೇ ಫಿಲ್ಮು ಹಿಡಿದು ಅವರ ಮನೆಗೆ ನುಗ್ಗಿದೆ.

“ಬನ್ನಿ ಬೀಗರೇ, ಕೂತ್ಕೊಳ್ಳಿ.”

“ಇನ್ನೆಲ್ಲಿ ಬೀಗರು? ಕೂರೋಕೆ ಬಂದಿಲ್ಲ ನಾನು. ಊರಿಗೆಲ್ಲ ಹದಿನೆಂಟು ಅಂತ ಸಾರಿದ್ರಲ್ಲ, ಇರೋದು ಒಂದೇ. ನರದ ಮೇಲೆ ಬೆಳೆದಿರೋ ಸಾದಾ ಗಂಟು. ಕ್ಯಾನ್ಸರ್ ಅಲ್ಲ.”

“ನಾನೇ ಎಣಿಸಿದ್ನಲ್ಲ. ಒಂದೊಂದು ಚೌಕದಲ್ಲೂ ಇತ್ತು.”

“ಒಂದು ಸೌತೆಕಾಯಿನ ಬಿಲ್ಲೆ ಬಿಲ್ಲೆ ಹೆಚ್ಚಿದ್ರೆ ಹದಿನೆಂಟು ಸೌತೆಕಾಯಿ ಆಗುತ್ತೇನ್ರೀ? ಆ ಮಿಷನ್ನು ಒಂದೇ ಕುತ್ತಿಗೆನ ಹಂಗೆ ಬಿಲ್ಲೆ ಬಿಲ್ಲೆಯಾಗಿ ಫೋಟೊ ತೆಗೆಯುತ್ತೆ. ಎಲ್ಲದರಲ್ಲೂ ಕಾಣೋದು ಅದೇ ಗಂಟು. ಡಾಕ್ಟರನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ? ನನ್ನ ಮಗಳು ಮೂರು ವಾರದಿಂದ ಹೊಸಿಲು ದಾಟಿಲ್ಲ.”

ಅವರು ಕ್ಷಮೆ ಕೇಳುತ್ತಾರೆ, ಕೇಳಿದ ಕೂಡಲೇ ಇನ್ನಷ್ಟು ಬೈಯಬೇಕು ಎಂದು ಕಾದಿದ್ದೆ. ಅವರು ಕೇಳಲಿಲ್ಲ. ಫಿಲ್ಮು ಇಸಿದುಕೊಂಡು ಮತ್ತೆ ಕಿಟಕಿಗೆ ಹಿಡಿದರು. ಒಂದೊಂದೇ ಚೌಕ ನೋಡುತ್ತ ಹೋದರು.

“ಇನ್ನೂ ಏನು ಎಣಿಸ್ತಿದ್ದೀರಿ?”

“ತೀರಿಕೊಂಡ ನನ್ನ ಹೆಂಡ್ತಿಗೂ ತಲೆ ಸ್ಕ್ಯಾನ್ ಮಾಡಿದ್ರು. ಒಂದೇ ಗಂಟು, ಆಪರೇಷನ್ ಮಾಡಿದ್ರೆ ಉಳೀತಾರೆ ಅಂದ್ರು ಡಾಕ್ಟರು. ನಾನು ಫಿಲ್ಮಲ್ಲಿ ಇಪ್ಪತ್ತು ಎಣಿಸಿ, ಸುಳ್ಳು ಹೇಳ್ತಾರೆ ಅಂತ ಮನೆಗೆ ಕರ್ಕೊಂಡು ಬಂದುಬಿಟ್ಟೆ.”