ಎರಡು ಕಾಯಿ ಜಾಗ

“ಓಟಿನ ಮಾತು ಆಮೇಲೆ. ಮೊದ್ಲು ಅಟ್ಟ ಹತ್ತಿ,” ಎಂದರು ಹುಚ್ಚರಂಗಯ್ಯ, ಜ್ಞಾನೇಶ್ ಕೊಟ್ಟ ಕರಪತ್ರವನ್ನು ಮಡಿಸಿ ಜೇಬಿಗಿಳಿಸುತ್ತ.

ಜ್ಞಾನೇಶ್ ಬಿಳಿಗೆರೆಗೆ ಬಂದದ್ದೇ ಆ ಓಟಿಗಾಗಿ. ಭಾನುವಾರ ಪರಿಸರ ವರದಿಗಾರರ ಸಂಘದ ಅಧ್ಯಕ್ಷರ ಚುನಾವಣೆ. ಎದುರಾಳಿ ಗಟ್ಟಿ ಕುಳ. ತಿಪಟೂರು ಕಡೆಯ ಹದಿನೆಂಟು ಓಟುಗಳು ಮಾತ್ರ ಹುಚ್ಚರಂಗಯ್ಯ ತಲೆಯಾಡಿಸಿದ ಕಡೆಗೇ ಬೀಳುತ್ತವೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಒಂದು ಕಾಲದಲ್ಲಿ ಸುದ್ದಿ ಬರೆದು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟು ಕಳಿಸುತ್ತಿದ್ದ ಹಳೇ ಹುಲಿ ಅವರು. ಈಗ ತೋಟ ನೋಡಿಕೊಂಡಿದ್ದರು. ಕರಪತ್ರದಲ್ಲಿ ಜ್ಞಾನೇಶನೂ ತನ್ನ ಬಗ್ಗೆ ಕಡಿಮೆಯೇನೂ ಬರೆದುಕೊಂಡಿರಲಿಲ್ಲ. ಹನ್ನೆರಡು ವರ್ಷ, ಆರುನೂರು ವರದಿ, ಮೂರು ಪ್ರಶಸ್ತಿ. ಜೊತೆಗೆ ಕೆರೆಯ ಮುಂದೆ ಕೈಕಟ್ಟಿ ನಿಂತ ಬಣ್ಣದ ಫೋಟೋ.

“ಮೂರ್ನೇ ಮೆಟ್ಲು ಸಡ್ಲ ಐತೆ, ನೋಡ್ಕೊಂಡು ಹತ್ತಪ್ಪ,” ಎಂದರು ಏಣಿ ಹಿಡಿದಿದ್ದ ಚಿಕ್ಕಗೌರಮ್ಮ, ಹುಚ್ಚರಂಗಯ್ಯನವರ ಹೆಂಡತಿ.

ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ಗುಡ್ಡೆ ಬಿದ್ದು, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿಯಾಗಲಿ ಎಂದು ವರ್ಷವಿಡೀ ಕಾಯುವ ಕಾಯಿಗಳು. ಈ ಸೀಮೆಯ ಯಾವ ಮನೆಯಲ್ಲಾದರೂ ಕಾಣುವಂಥದ್ದೇ. ಜ್ಞಾನೇಶನ ಕಣ್ಣು ನಿಂತದ್ದು ಗೋಡೆಯುದ್ದಕ್ಕೂ ಹಾಕಿದ್ದ ಹಲಗೆಯ ಮೇಲೆ. ಅದರ ಮೇಲೆ ಸುಲಿದ ಕಾಯಿಗಳು ಸಾಲಾಗಿ ಕೂತಿದ್ದವು. ಒಂದೊಂದರ ಕೆಳಗೂ ಕಪ್ಪು ಬಣ್ಣದಲ್ಲಿ ಒಂದೊಂದು ಇಸವಿ.

“ಮನೆ ಮುಂದ್ಲ ಮರದ್ದು,” ಎಂದರು ಹಿಂದೆಯೇ ಏಣಿ ಹತ್ತಿ ಬಂದ ಹುಚ್ಚರಂಗಯ್ಯ. “ಯುಗಾದಿ ಆದ್ಮೇಲೆ ಮೊದ್ಲು ಕೆಡವಿದಾಗ ದಪ್ಪನೇ ಕಾಯಿ ಒಂದು ಆರ್ಸಿ ಇಡ್ತೀನಿ. ವರ್ಷಕ್ಕೆ ಒಂದೇ.”

ಎಂಬತ್ತನಾಲ್ಕರ ಕಾಯಿಯನ್ನು ಎತ್ತಲು ಜ್ಞಾನೇಶನಿಗೆ ಎರಡೂ ಕೈ ಬೇಕಾದವು. ಅಲ್ಲಾಡಿಸಿದ. ಒಳಗಿನ ಕೊಬ್ಬರಿ ಲೊಟಲೊಟ ಎಂದಿತು. ಅದನ್ನು ಇಟ್ಟು ಸಾಲಿನ ಗುಂಟ ನಡೆದ. ತೊಂಬತ್ತರ ಇಸವಿಗಳು ದಾಟಿದ ಮೇಲೆ ಕಾಯಿಯ ಗಾತ್ರ ಇಳಿಯುತ್ತ ಬಂದಿತ್ತು. ಎರಡು ಕಡೆ ಇಸವಿ ಮಾತ್ರ ಇತ್ತು, ಕಾಯಿ ಇರಲಿಲ್ಲ. ಆ ವರ್ಷಗಳಲ್ಲಿ ಮರ ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲವಂತೆ. ಹೋದ ವರ್ಷದ್ದು ಬೇಲದ ಹಣ್ಣಿನಷ್ಟಿತ್ತು.

“ಮರಕ್ಕೆ ವಯಸ್ಸಾಗಿರಬಹುದಲ್ವಾ ಸಾರ್?”

“ನಂಗೂ ಅದೇ ಅನುಮಾನ ಬಂತು ಕಣ್ರೀ. ಅದ್ಕೇ ಕೆಳಗಡೆ ಇನ್ನೊಂದು ಹಲಗೆ ಹಾಕ್ದೆ. ಅದು ಹರೇದ ಮರದ್ದು.”

ಜ್ಞಾನೇಶ್ ಬಗ್ಗಿ ನೋಡಿದ. ಅಲ್ಲೂ ಕಾಯಿ ಹಾಗೇ ಸಣ್ಣದಾಗುತ್ತ ಬಂದಿದ್ದವು. ಅವೇ ಎರಡು ಇಸವಿಯ ಜಾಗ ಖಾಲಿ. ಮರದ ವಯಸ್ಸಿನ ಮಾತು ಅಲ್ಲಿಗೆ ಮುಗಿಯಿತು. ಮಳೆ, ಬಿಸಿಲು, ಅಂತರ್ಜಲ ಎಂದು ಆರುನೂರು ಸಲ ಬರೆದಿದ್ದ, ಎಲ್ಲವೂ ಯಾರೋ ಕೊಟ್ಟ ಅಂಕಿ. ಇಲ್ಲಿ ವರ್ಷಗಳೇ ಬಂದು ಸಾಲಾಗಿ ಕೂತಿದ್ದವು, ಬೇಕಾದರೆ ಎತ್ತಿ ಕಿವಿಗೆ ಹಿಡಿಯಬಹುದಿತ್ತು. ಚಪ್ಪಲಿ ಕೆಳಗೇ ಬಿಟ್ಟು ಬಂದದ್ದು ಒಳ್ಳೆಯದಾಯಿತು ಅನ್ನಿಸಿತು ಅವನಿಗೆ.

“ಇದನ್ನ ನೀವು ಯಾಕೆ ಬರೀಲಿಲ್ಲ ಸಾರ್?”

“ಬರ್ದೆ. ಮೂರು ಸಲ ಕಳ್ಸಿದೆ. ಇದ್ರಲ್ಲಿ ಸುದ್ದಿ ಏನೈತ್ರೀ ಅಂದ್ರು ಪತ್ರಿಕೆಯೋರು. ಅವರದ್ದೂ ತಪ್ಪಲ್ಲ ಬುಡಿ, ಆಗಿನ್ನೂ ಇದ್ದಿದ್ದು ಹತ್ತೇ ಕಾಯಿ.”

ಕಾಯಿ ಮುಗಿದರೂ ಹಲಗೆ ಮುಗಿದಿರಲಿಲ್ಲ. ಮುಂದಿನ ಇಸವಿಗಳನ್ನೂ ಗೇಣಿಗೊಂದರಂತೆ ಬರೆದಿಟ್ಟಿತ್ತು, ಎರಡು ಸಾವಿರದ ನಲವತ್ತೈದರವರೆಗೆ. ಹುಚ್ಚರಂಗಯ್ಯನವರಿಗೆ ಈಗಲೇ ಎಪ್ಪತ್ತೆಂಟು. ಜ್ಞಾನೇಶ್ ಒಮ್ಮೆ ಆ ಇಸವಿಗಳನ್ನು, ಒಮ್ಮೆ ಅವರ ಮುಖವನ್ನು ನೋಡಿದ.

“ಕೈ ನಡುಗೋಕೆ ಶುರುವಾಯ್ತು,” ಎಂದರು ಅವರು. “ಅಕ್ಷರ ನೆಟ್ಟಗೆ ಬರೋವಾಗ್ಲೇ ಬರ್ದಿಟ್ಟೆ. ಅದಿರ್ಲಿ, ನಿಮ್ಮ ಅಧ್ಯಕ್ಷಗಿರಿ ಎಷ್ಟು ವರ್ಷದ್ದು?”

“ಎರಡು ವರ್ಷ ಸಾರ್.”

ಹುಚ್ಚರಂಗಯ್ಯ ಜೇಬಿನಿಂದ ಕರಪತ್ರ ತೆಗೆದು ಬಿಚ್ಚಿ, ಕೊನೆಯ ಕಾಯಿಯ ಪಕ್ಕದ ಖಾಲಿ ಜಾಗದ ಮೇಲೆ ಹಾಸಿದರು. ಮುಂದಿನ ಎರಡು ಇಸವಿ ಮುಚ್ಚಿಕೊಂಡವು. ಅಷ್ಟು ಜಾಗಕ್ಕಾಗಿ ಜ್ಞಾನೇಶ್ ಮೂರು ತಿಂಗಳಿಂದ ಊಟ ನಿದ್ದೆ ಬಿಟ್ಟು ತಿರುಗುತ್ತಿದ್ದ.

“ನನ್ನ ಓಟು ನಿಮಗೇ. ಹದಿನೆಂಟೂ ಬತ್ತವೆ, ಅದ್ರ ಯೋಚ್ನೆ ಬುಡಿ,” ಎಂದ ಮುದುಕರು, ಕರಪತ್ರದ ಅಂಚಿನಾಚೆಗಿದ್ದ ಇಸವಿಯ ಮೇಲೆ ಬೆರಳಿಟ್ಟರು.

“ಈ ಮೂರ್ನೇ ಕಾಯಿ ಇಡೋಕೆ ಬತ್ತೀರಾ?”