ನಕ್ಷೆಯಲ್ಲಿದ್ದ ಸೋದರಮಾವ

"ಯವ್ವಾ, ತಪ್ಪು ಸಿಕ್ತು!" ಎಂದು ಕೂಗುತ್ತಲೇ ಸುಂಕಪ್ಪ ಹೊಸ್ತಿಲು ದಾಟಿದ. ಮಾನ್ವಿಯ ಬಸ್ಸಿನಿಂದ ಇಳಿದವನು ಕುರ್ಡಿಯ ಓಣಿಯುದ್ದಕ್ಕೂ ಓಡಿಯೇ ಬಂದಿದ್ದ. ಕಂಕುಳಲ್ಲಿ ಧಾರವಾಡದ ಗ್ರಂಥಾಲಯದಿಂದ ತಂದ ದಪ್ಪ ಇಂಗ್ಲಿಷ್ ಪುಸ್ತಕ. ಅದರೊಳಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯದ ಅರ್ಜಿ. ನಾಳೆ ರಾಯಚೂರಿಗೆ ಹೋಗಿ ಅಂಚೆಗೆ ಹಾಕದಿದ್ದರೆ ಈ ವರ್ಷದ ಆಸೆ ಬಿಟ್ಟಂತೆಯೇ.

ಸಜ್ಜೆ ರೊಟ್ಟಿ ಬಡಿಯುತ್ತಿದ್ದ ಯಮನಮ್ಮ ಕೈ ನಿಲ್ಲಿಸಲಿಲ್ಲ. "ಏನ್ ಸಿಕ್ತೋ? ನೌಕರಿ?"

"ಅದಕ್ಕಿಂತ ದೊಡ್ಡದು. ನಾ ಕೂಸಿದ್ದಾಗ ನಮ್ಮ ಓಣ್ಯಾಗ ಒಬ್ಬ ಬಿಳಿ ಸಾಹೇಬ ಬಂದು ಇದ್ನಲ್ಲ?"

"ಆ ಬರಕೊಳ್ಳೋ ಸಾಹೇಬ! ನನ್ನ ಖಾರ ಉಂಡು ಅಳತಿದ್ದ, ಅಳಕೋತನ ಬರಕೊಂತಿದ್ದ."

"ಅವ ಈಗ ಅಲ್ಲಿ ದೊಡ್ಡ ಪ್ರೊಫೆಸರ್. ಮಾನವಶಾಸ್ತ್ರದ ಪಿಎಚ್.ಡಿ.ಗೆ ಯಾರನ್ನ ತಗೋಬೇಕು ಅನ್ನೋದು ಅವನ ಕೈಯಾಗೇ ಅದ. ಅವನ ಪುಸ್ತಕದಾಗ ನಾ ತಪ್ಪು ಹಿಡದೀನಿ!"

ಸುಂಕಪ್ಪ ಪುಸ್ತಕ ಬಿಡಿಸಿ ಅವ್ವನ ಮುಂದೆ ಹಿಡಿದ. ಪುಟದ ತುಂಬ ಬಂಧುಗಳ ನಕ್ಷೆ: ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ನಡುವೆ ಗೆರೆಗಳು. ಯಮನಮ್ಮ ಎಂಬ ವೃತ್ತದ ಪಕ್ಕದಲ್ಲಿ, ಅವಳ ಅಣ್ಣನ ಜಾಗದಲ್ಲಿ, ನಬೀಸಾಬ್ ಎಂಬ ತ್ರಿಕೋನವಿತ್ತು; ಸುಂಕಪ್ಪ ಆ ಹೆಸರನ್ನು ಗಟ್ಟಿಯಾಗಿ ಕೂಗಿ ಓದಿದ. ಹತ್ತಿ ಹಿಂಜಿ ಗಾದಿ ಹೊಲಿಯುವ, ಮೂರು ಮನೆ ಆಚೆಯ ನಬೀಸಾಬ್! ಓಣಿಯವರೆಲ್ಲ ಬಾಯಿ ಮಾತಿಗೆ ಅಣ್ಣ, ಮಾವ ಎನ್ನುವುದನ್ನು ಸಾಹೇಬ ರಕ್ತಸಂಬಂಧವೆಂದು ತಿಳಿದು ಗೆರೆ ಎಳೆದುಬಿಟ್ಟಿದ್ದ. ಮಾನವಶಾಸ್ತ್ರಕ್ಕೆ ಬರುವ ಮೊದಲು ಸುಂಕಪ್ಪ ಬಿ.ಎಸ್ಸಿ. ಮಾಡಿದವನು. ಒಂದು ಅಳತೆ ತಪ್ಪಿದರೆ ಇಡೀ ಪ್ರಯೋಗವೇ ತಪ್ಪು ಎಂದು ನಂಬಿದವನು. ಅರ್ಜಿಯ ಜೊತೆಗಿಡುವ ಬರಹದ ಮೊದಲ ಸಾಲಿನಲ್ಲೇ ಈ ತಪ್ಪನ್ನು ತೋರಿಸಿದರೆ ಪ್ರೊಫೆಸರ್ ದಂಗಾಗಬೇಕು. ಸಿಟ್ಟಾದರೆ? ಆಗಲಿ. ಖರೇದು ಖರೇನೇ.

"ನನ್ನ ಹೆಸರು ಹಿಡಕೊಂಡು ಯಾರಲೇ ಓಣಿ ತುಂಬ ಒದರಾಕತ್ತಿದ್ದು?" ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ ನಬೀಸಾಬ್ ಒಳಗೆ ಬಂದ. ಸುಂಕಪ್ಪ ತೋರಿಸಿದ ತ್ರಿಕೋನವನ್ನು ಕಣ್ಣು ಕಿರಿದು ಮಾಡಿ ನೋಡಿದ. "ಇದು ನಾನೇನು? ಹೊಟ್ಟಿನೇ ಬರದಿಲ್ಲಲ್ಲೋ!"

"ಕೇಳಿಲ್ಲಿ ಮಾಮಾ. ನೀ ನಮ್ಮವ್ವನ ಖರೇ ಅಣ್ಣ ಅಲ್ಲಂತ ನಾ ಈಗ ಬರೀಬೇಕಾಗ್ಯಾದ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬರಿ," ಎಂದಳು ಯಮನಮ್ಮ. "ಜೊತಿಗೆ ಇದನ್ನೂ ಬರಿ. ನನಗ ಒಡಹುಟ್ಟಿದವರು ಇಲ್ಲ. ಈ ಊರಿಗೆ ಸೊಸಿಯಾಗಿ ಬಂದ ವರ್ಷ, ನಮ್ಮ ದೇವದುರ್ಗದ ಹುಡುಗಿ ಅಂತ ಹೇಳಿ, ನಾಗರಪಂಚಮಿಗೆ ತವರಿನ ಅಣ್ಣ ತರೋ ಕುಬಸ ತಂದಾಂವ ಇವ. ಇವತ್ತಿನ ತನಕ ಒಂದು ಪಂಚಮಿನೂ ತಪ್ಪಿಸಿಲ್ಲ."

"ನೀ ಸುಮ್ಮನಿರು ತಂಗಿ," ನಬೀಸಾಬ್ ನಗುತ್ತಿದ್ದ. "ಲೇ ಸುಂಕ್ಯಾ, ಸಾಹೇಬಗೆ ಏನೂ ತಪ್ಪು ಆಗಿಲ್ಲ. ನಿನ್ನ ಜವಳದ ದಿನ ಅವ ಅಲ್ಲೇ ಕುಂತಿದ್ದ. ಕೂಸಿನ ಮೊದಲ ಕೂದಲು ಯಾರು ಕತ್ತರಿಸಬೇಕು ಅಂದ. ಸೋದರಮಾವ ಅಂದ್ರು. ನೋಡಿದ, ನೀ ನನ್ನ ತೊಡಿಮ್ಯಾಲೆ ಕುಂತಿದ್ದಿ, ಕತ್ತರಿ ನನ್ನ ಕೈಯಾಗಿತ್ತು. ಹಂಗೇ ಬರಕೊಂಡ. ನೀ ನನ್ನ ಹೆಬ್ಬೆರಳು ಕಚ್ಚಿದ್ದು ಬರದಾನಿಲ್ಲೋ ನೋಡು!"

ಸುಂಕಪ್ಪ ಮತ್ತೆ ನಕ್ಷೆ ನೋಡಿದ. ಅವ್ವನ ವೃತ್ತದ ಕೆಳಗೊಂದು ಪುಟ್ಟ ತ್ರಿಕೋನ: ತಾನೇ. ಸಾಹೇಬ ಕೇಳಿದ್ದನ್ನಲ್ಲ, ಕಂಡದ್ದನ್ನು ಬರೆದಿದ್ದ. ಆದರೆ ಹುಟ್ಟಿನಿಂದ ಬಾರದ ಸೋದರಮಾವ ಎಲ್ಲಿಂದ ಬರುತ್ತಾನೆ, ಹೇಗೆ ಆಗುತ್ತಾನೆ? ಅದು ಆ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ತಪ್ಪು ಹುಡುಕಲು ಹೋದವನಿಗೆ ವಿಷಯವೇ ಸಿಕ್ಕಿತ್ತು!

"ಯವ್ವಾ, ಪೆನ್ನು! ಪೆನ್ನು ಎಲ್ಲಿ?"

"ನಿನ್ನ ಕಿಸೆದಾಗ ಅದ, ಹುಚ್ಚಪ್ಪ."

ರೊಟ್ಟಿ ಆರುವುದರೊಳಗೆ ಹೊಸ ಬರಹ ಎರಡು ಪುಟವಾಯಿತು. ಕೊನೆಗೆ ಅರ್ಜಿಯಲ್ಲಿ ಖಾಲಿ ಉಳಿದಿದ್ದುದು ಒಂದೇ ಜಾಗ: ತುರ್ತಿಗೆ ತಿಳಿಸಬೇಕಾದ ಬಂಧು. ತಂದೆ ಇಲ್ಲದ ಸುಂಕಪ್ಪ ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಈಗ 'ನಬೀಸಾಬ್' ಎಂದು ಬರೆದ. ಸಂಬಂಧ: ತಾಯಿಯ ಅಣ್ಣ. ಮುಂದೆ ಸಹಿಗೆ ಜಾಗವಿತ್ತು.

"ನನಗೆಲ್ಲಿ ಸಹಿ ಬರ್ತದೋ?" ಎನ್ನುತ್ತ ನಬೀಸಾಬ್ ಪೆನ್ನಿನ ಶಾಯಿ ಸವರಿಕೊಂಡು ಹೆಬ್ಬೆರಳು ಒತ್ತಿದ. ಸುಂಕಪ್ಪ ಊದಿ ಒಣಗಿಸುತ್ತ ಬಗ್ಗಿ ನೋಡಿದ. ನೀಲಿ ಗುರುತಿನ ನಡುವೆ, ಶಾಯಿ ಹತ್ತದ ಒಂದು ಸಣ್ಣ ಬಿಳಿ ಗೆರೆ. ತನ್ನದೇ ಹಾಲುಹಲ್ಲಿನ ಗೆರೆ.